ಟೊಮೆಟೊ ಬಾಕ್ಸ್ ಎತ್ತುವ ಕೈಗೂ ಟೆನಿಸ್ ಎಲ್ಬೋ

ಮಾನ್ಯ ಸಂಪಾದಕರೇ,

ಕೋಲಾರದ ಎಪಿಎಂಸಿ ಯಾರ್ಡ್‌ನಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ ಇವತ್ತು ಎಷ್ಟಕ್ಕೆ ಹೋಯಿತು ಎನ್ನುವುದು ಸೀಸನ್ ಮುಗಿಯುವವರೆಗೂ ಸುದ್ದಿ. ಆ ಬಾಕ್ಸನ್ನು ತೋಟದಲ್ಲಿ ತುಂಬಿ, ಟೆಂಪೊಗೆ ಏರಿಸಿ, ಯಾರ್ಡ್‌ನಲ್ಲಿ ಇಳಿಸಿ, ಹರಾಜಾದ ಮೇಲೆ ಮತ್ತೆ ಲಾರಿಗೆ ಜೋಡಿಸುವ ಕೈಗಳ ಸುದ್ದಿ ಮಾತ್ರ ಯಾವ ಪುಟದಲ್ಲೂ ಇರುವುದಿಲ್ಲ. ಕೆಲಸ ಬಿರುಸಾಗಿ ಕೆಲವು ವಾರ ಕಳೆಯುವಷ್ಟರಲ್ಲಿ ಕೆಲವರಿಗೆ ಮೊಣಕೈಯ ಹೊರಬದಿಯ ಮೂಳೆಗಂಟಿನ ಹತ್ತಿರ ಚುಚ್ಚತೊಡಗುತ್ತದೆ. ಕಾಫಿ ಲೋಟ ಎತ್ತಿದರೆ ಕೈ ಸೋಲುತ್ತದೆ, ಒದ್ದೆ ಬಟ್ಟೆ ಹಿಂಡಿದರೆ ಜೀವ ಹೋದಂತಾಗುತ್ತದೆ. 'ನರ ಹಿಡ್ಕೊಂಡಿದೆ' ಎಂದು ಎಣ್ಣೆ ಹಚ್ಚಿ ನೀವಿಸುತ್ತಾರೆ, ನಾಟಿ ಕಟ್ಟು ಹಾಕಿಸುತ್ತಾರೆ, ಕೊನೆಗೆ ಒಂದು ಸೂಜಿ ಹಾಕಿಸಿಕೊಂಡು ಮರುವಾರವೇ ಬಾಕ್ಸ್ ಎತ್ತಲು ಹೋಗುತ್ತಾರೆ. ಈ ಮೂರೂ ಏಕೆ ವಾಸಿ ಮಾಡುವುದಿಲ್ಲ, ಯಾವುದು ಮಾಡುತ್ತದೆ ಎನ್ನುವುದನ್ನು ನಿಮ್ಮ ಓದುಗರಿಗೆ ವಿವರವಾಗಿ ತಿಳಿಸಲು ಈ ಪತ್ರ. ಸ್ವಲ್ಪ ಉದ್ದವಾಗಿದೆ. ಕತ್ತರಿಸುವುದಾದರೆ ಇತಿಹಾಸವನ್ನು ಕತ್ತರಿಸಿ, ವ್ಯಾಯಾಮದ ಅಳತೆಗಳನ್ನು ಬಿಡಿ.

ಈ ನೋವಿಗಿರುವ ಟೆನಿಸ್ ಎಲ್ಬೋ ಎಂಬ ಹೆಸರಿನಿಂದಲೇ ಅರ್ಧ ಗೊಂದಲ. 1873ರಲ್ಲಿ ಜರ್ಮನಿಯ ರುಂಗೆ ಎಂಬ ವೈದ್ಯರು ಇದನ್ನು ವಿವರಿಸಿದಾಗ ಅದು ಬರೆಯುವವರ ಕೈನೋವಾಗಿತ್ತು. ಆಮೇಲೆ ಇಂಗ್ಲೆಂಡಿನಲ್ಲಿ ಲಾನ್ ಟೆನಿಸ್ ಹುಚ್ಚು ಹಬ್ಬಿತು, 1882ರ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ 'ಲಾನ್ ಟೆನಿಸ್ ಆರ್ಮ್' ಎಂಬ ಮಾತು ಬಂತು, ಹೆಸರು ಅಂಟಿಕೊಂಡಿತು. ನಮ್ಮಲ್ಲಿ ಇದು ಮನೆಮಾತಾದದ್ದು 2004ರಲ್ಲಿ ಸಚಿನ್ ತೆಂಡೂಲ್ಕರ್ ಇದೇ ನೋವಿನಿಂದ ಆಟ ಬಿಟ್ಟು ಕೂತಾಗ. ಮರುವರ್ಷ ಅವರು ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಹೀಗಾಗಿ ಇದು ಆಟಗಾರರ ಕಾಯಿಲೆ ಎಂಬ ಭಾವನೆ ಗಟ್ಟಿಯಾಯಿತು. ವಾಸ್ತವದಲ್ಲಿ ಈ ನೋವಿರುವವರಲ್ಲಿ ಟೆನಿಸ್ ಆಡುವವರು ನೂರಕ್ಕೆ ಹತ್ತು ಮಂದಿಯೂ ಇಲ್ಲ. ವಯಸ್ಕರಲ್ಲಿ ನೂರಕ್ಕೆ ಒಬ್ಬರಿಂದ ಮೂವರಿಗೆ, ಅದರಲ್ಲೂ 35ರಿಂದ 55ರ ವಯಸ್ಸಿನವರಿಗೆ, ಗಂಡಸರು ಹೆಂಗಸರೆಂಬ ಭೇದವಿಲ್ಲದೆ ಬರುತ್ತದೆ. ಗಟ್ಟಿಯಾಗಿ ಹಿಡಿಯುವುದು, ತಿರುಚುವುದು, ಹೊಡೆಯುವುದು, ಈ ಮೂರನ್ನು ದಿನವಿಡೀ ಮಾಡುವ ಯಾವ ಕೈಗೂ ಇದು ಬರಬಹುದು.

ನೋವು ಮೊಣಕೈಯಲ್ಲಿದ್ದರೂ ತಪ್ಪು ಆಗುತ್ತಿರುವುದು ಮಣಿಕಟ್ಟಿನಲ್ಲಿ. ನಂಬಿಕೆ ಬಾರದಿದ್ದರೆ ಈಗಲೇ ಪರೀಕ್ಷಿಸಿ: ಎಡಗೈಯಿಂದ ಬಲಮುಂಗೈಯ ಮೇಲ್ಭಾಗವನ್ನು, ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ, ಹಿಡಿದುಕೊಳ್ಳಿ. ಈಗ ಬಲಗೈಯನ್ನು ಮುಷ್ಟಿ ಬಿಗಿಯಿರಿ. ಮುಷ್ಟಿ ಕಟ್ಟುವ ಸ್ನಾಯುಗಳು ಮುಂಗೈಯ ಒಳಬದಿಯಲ್ಲಿವೆ, ಆದರೂ ಮೇಲ್ಬದಿಯ ಸ್ನಾಯು ಕಲ್ಲಿನಂತೆ ಗಟ್ಟಿಯಾಗುತ್ತದೆ. ಮುಷ್ಟಿ ಕಟ್ಟುವಾಗ ಮಣಿಕಟ್ಟು ಒಳಕ್ಕೆ ಮಡಚಿಕೊಳ್ಳದಂತೆ ಹಿಂದಕ್ಕೆ ಎಳೆದು ಹಿಡಿಯುವ ಕೆಲಸ ಅದರದು. ಆ ಸ್ನಾಯುಗಳೆಲ್ಲ ಮೇಲೆ ಒಟ್ಟುಗೂಡಿ ಮೊಣಕೈಯ ಹೊರಗಂಟಿಗೆ ಒಂದು ಪುಟ್ಟ ಜಾಗದಲ್ಲಿ ಅಂಟಿಕೊಂಡಿವೆ. ಅವುಗಳ ಪೈಕಿ ನಡುಬೆರಳಿನ ಬುಡದ ಮೂಳೆಗೆ ಹೋಗುವ ಸ್ನಾಯುವಿನ ಹುರಿ, ಅಂದರೆ ಸ್ನಾಯುರಜ್ಜು, ಮೊದಲು ಸೋಲುತ್ತದೆ. ಅಂಗೈ ಕೆಳಮುಖವಾಗಿ, ಮೊಣಕೈ ನೇರವಾಗಿ ಚಾಚಿ ಭಾರ ಎತ್ತಿದಾಗ ಪೂರ್ತಿ ಎಳೆತ ಇದರ ಮೇಲೆ. ಅದೇ ಭಾರವನ್ನು ಅಂಗೈ ಮೇಲ್ಮುಖವಾಗಿ, ಮೊಣಕೈ ಮಡಚಿ ಎತ್ತಿದರೆ ತೋಳಿನ ದೊಡ್ಡ ಸ್ನಾಯು ಹೆಗಲು ಕೊಡುತ್ತದೆ.

ಇನ್ನೊಂದು ವಿಷಯ ತಿಳಿಯದೆ ಚಿಕಿತ್ಸೆ ಅರ್ಥವಾಗುವುದಿಲ್ಲ. ಹಿಂದೆ ಇದನ್ನು ಉರಿಯೂತ ಎಂದುಕೊಂಡಿದ್ದರು. 1979ರಲ್ಲಿ ಅಮೆರಿಕದ ಶಸ್ತ್ರವೈದ್ಯ ನಿರ್ಷಲ್ ಮತ್ತು ಸಂಗಡಿಗರು ತೆರೆದು ನೋಡಿದಾಗ ಕಂಡದ್ದು ಬೇರೆ: ಹುರಿಯ ಎಳೆಗಳು ಅಡ್ಡಾದಿಡ್ಡಿಯಾಗಿ ಸಡಿಲಗೊಂಡು, ನಡುವೆ ಹೊಸ ರಕ್ತನಾಳಗಳು ತೂರಿಕೊಂಡ, ಅರ್ಧಂಬರ್ಧ ರಿಪೇರಿಯಾದ ಅಂಗಾಂಶ. ಹಳೆಯ ಹಗ್ಗದ ಪುರಿ ಬಿಚ್ಚಿಕೊಂಡ ಹಾಗೆ ಎನ್ನಬಹುದು, ಒಂದು ವ್ಯತ್ಯಾಸದೊಂದಿಗೆ: ಈ ಹಗ್ಗಕ್ಕೆ ಜೀವವಿದೆ, ಮತ್ತೆ ಹೊಸೆದುಕೊಳ್ಳುತ್ತದೆ. ಹೊಸೆದುಕೊಳ್ಳಲು ಅದಕ್ಕೆ ಹದವಾದ ಎಳೆತ ಬೇಕು. ಎಳೆತ ಏಕಾಏಕಿ ಹೆಚ್ಚಿದರೂ ಕೆಡುತ್ತದೆ, ಪೂರ್ತಿ ನಿಂತರೂ ಸೊರಗುತ್ತದೆ. ವಾರಗಟ್ಟಲೆ ನಾಟಿ ಕಟ್ಟು ಹಾಕಿದ ಕೈ ಬಿಚ್ಚಿದ ದಿನ ಹಾಯೆನಿಸಿ, ಕೆಲಸಕ್ಕಿಳಿದ ಮೂರನೇ ದಿನಕ್ಕೆ ಮೊದಲಿಗಿಂತ ಜೋರಾಗಿ ನೋಯುವುದಕ್ಕೆ ಇದೇ ಕಾರಣ. ಮುರಿದ ಮೂಳೆಗೆ ಬೇಕಾದ ಅಲುಗಾಟವಿಲ್ಲದ ವಿಶ್ರಾಂತಿ ಈ ಹುರಿಗೆ ಬೇಡ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗಳ ಕೆಲಸಗಳೆಲ್ಲ ಏಕಾಏಕಿ ಏರುವ ಕೆಲಸಗಳೇ ಎನ್ನುವುದು ಇಲ್ಲಿ ಮುಖ್ಯ. ರೇಷ್ಮೆಯನ್ನೇ ನೋಡಿ. ಶಿಡ್ಲಘಟ್ಟದ ಸುತ್ತ ಹುಳು ಸಾಕುವವರಿಗೆ ಗೊತ್ತು, ಮೊದಲ ಮೂರು ಜ್ವರದವರೆಗೆ, ಅಂದರೆ ಹುಳು ಮೂರು ಸಲ ಪೊರೆ ಕಳಚುವವರೆಗೆ, ಸೊಪ್ಪಿನ ಕೆಲಸ ಹಗುರ. ನಾಲ್ಕನೇ ಜ್ವರ ಎದ್ದ ಮೇಲೆ ಹಣ್ಣಾಗಿ ಗೂಡು ಕಟ್ಟಲು ತೊಡಗುವವರೆಗಿನ ಒಂದು ವಾರದಲ್ಲಿ ಹುಳು ತನ್ನ ಜೀವಮಾನದ ಸೊಪ್ಪಿನ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ತಿನ್ನುತ್ತದೆ. ಕುಡುಗೋಲು ಹಿಡಿದ ಕೈ ಮೂರು ವಾರ ತಣ್ಣಗಿದ್ದು ನಾಲ್ಕನೇ ವಾರ ಬೆಳಗ್ಗೆ, ಸಂಜೆ ಬಿಡುವಿಲ್ಲದೆ ಕಡ್ಡಿ ಕತ್ತರಿಸಬೇಕು. ತಿಪಟೂರಿನ ಕಡೆ ಉಂಡೆ ಕೊಬ್ಬರಿಗೆ ತಿಂಗಳುಗಟ್ಟಲೆ ಅಟ್ಟದಲ್ಲಿದ್ದ ಕಾಯಿ ಒಂದೇ ಸಲ ಇಳಿಯುತ್ತದೆ. ನೆಟ್ಟ ಕಬ್ಬಿಣದ ಮೊನೆಗೆ ಒತ್ತಿ ತಿರುಚಿ ಸುಲಿಯುವುದು, ಮಚ್ಚಿನಿಂದ ತಟ್ಟಿ ಚಿಪ್ಪು ಬಿಡಿಸುವುದು, ಎರಡೂ ಮಣಿಕಟ್ಟಿನ ಕೆಲಸ. ಶ್ರೀನಿವಾಸಪುರದಲ್ಲಿ ಮಾವಿಗೆ ದೋಟಿ ಹಿಡಿದು ತಲೆಯ ಮೇಲೆ ಕೈ ಚಾಚಿದವರು ಅದು ಮುಗಿಯುತ್ತಲೇ ಟೊಮೆಟೊ ಬಾಕ್ಸ್‌ಗೆ ಹೋಗುತ್ತಾರೆ. ಕಲ್ಲುಕ್ವಾರಿಯಲ್ಲಿ ಸುತ್ತಿಗೆ, ಡ್ರಿಲ್ಲಿನ ಅದುರು ಬೇರೆ. ಇದೆಲ್ಲದರ ಮೇಲೆ ಹೆಂಗಸರಿಗೆ ಎರಡು ಹೊತ್ತು ಹಾಲು ಕರೆಯುವುದು, ಬಟ್ಟೆ ಹಿಂಡುವುದು, ಹತ್ತು ಜನಕ್ಕೆ ಮುದ್ದೆ ತೊಳಸುವುದು. ಮದುವೆ ಮನೆಯಲ್ಲಿ ಒಂದೇ ದಿನ ನೂರಾರು ಮುದ್ದೆಗೆ ಹಿಟ್ಟು ತಿರುವಿದ ಕೈ ಮರುದಿನ ಏಳದಿರುವುದು ದೃಷ್ಟಿಯಿಂದಲ್ಲ.

ಇದೇ ನೋವೆಂದು ಗುರುತಿಸಲು ಎಕ್ಸ್-ರೇ ಬೇಕಾಗುವುದು ಅಪರೂಪ. ಹೊರಬದಿಯ ಗಂಟಿನ ಮೇಲೆ ಅಥವಾ ಅದರಿಂದ ಒಂದು ಬೆರಳಗಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದಾಗ 'ಅಯ್ಯೋ' ಅನಿಸಬೇಕು. ಕೈಯನ್ನು ಟೇಬಲ್ ಮೇಲೆ ಅಂಗೈ ಕೆಳಮುಖವಾಗಿ ನೇರ ಚಾಚಿ, ನಡುಬೆರಳನ್ನು ಮಾತ್ರ ಮೇಲೆತ್ತಿ, ಇನ್ನೊಬ್ಬರು ಅದನ್ನು ಕೆಳಕ್ಕೆ ಒತ್ತುವಾಗ ಮೊಣಕೈಯಲ್ಲಿ ನೋಯಬೇಕು. ಪ್ಲಾಸ್ಟಿಕ್ ಕುರ್ಚಿಯ ಬೆನ್ನನ್ನು ಮೇಲಿನಿಂದ ಹಿಡಿದು, ಮೊಣಕೈ ಮಡಚದೆ ಎತ್ತಿದರೂ ಅದೇ ಜಾಗ ಹಿಡಿಯಬೇಕು. ಮೂರರಲ್ಲಿ ಎರಡು ಹೊಂದಿದರೆ ಬಹುತೇಕ ಖಚಿತ.

ಹೊಂದದಿದ್ದರೆ ಬೇರೆ ಕಾರಣ ಹುಡುಕಬೇಕು. ಬೆರಳುಗಳಲ್ಲಿ ಜೋಮು, ಕತ್ತು ತಿರುಗಿಸಿದರೆ ಕೈಗೆ ಇಳಿಯುವ ನೋವು ಇದ್ದರೆ ಮೂಲ ಕುತ್ತಿಗೆಯಲ್ಲಿರಬಹುದು. ಗಂಟಿನ ಮೇಲೆ ಒತ್ತಿದರೆ ಏನೂ ಇಲ್ಲದೆ, ಅದರಿಂದ ಮೂರು ನಾಲ್ಕು ಬೆರಳು ಕೆಳಗೆ ಸ್ನಾಯುವಿನ ಮಧ್ಯೆ ಆಳದಲ್ಲಿ ನೋಯುತ್ತಿದ್ದರೆ ಅಲ್ಲಿ ಹಾದುಹೋಗುವ ನರ ಒತ್ತಿಕೊಂಡಿರಬಹುದು. ಅಂಥವರಿಗೆ ಮುಂದೆ ಹೇಳುವ ಬೆಲ್ಟ್ ಹಾಕಿದರೆ ಹೆಚ್ಚಾಗುತ್ತದೆ. ಒಳಬದಿಯ ಗಂಟು ನೋಯುತ್ತಿದ್ದರೆ ಅದು ಗಾಲ್ಫರ್ಸ್ ಎಲ್ಬೋ, ವ್ಯಾಯಾಮದ ದಿಕ್ಕು ತಿರುಗುಮುರುಗು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಯಾವ ಕೀಲು ನೋವನ್ನೂ 'ಫ್ಲೋರೈಡ್ ನೀರು' ಎಂದು ಮುಗಿಸುವ ರೂಢಿ ಇದೆ. ಮೂಳೆಯ ಫ್ಲೋರೋಸಿಸ್ ಸಾಮಾನ್ಯವಾಗಿ ಬೆನ್ನು, ಕುತ್ತಿಗೆ ಸೇರಿ ಹಲವು ಕಡೆ ಬಿಗಿತ ತರುತ್ತದೆ, ಕೆಲಸ ಮಾಡುವ ಒಂದೇ ಕೈಯ ಒಂದೇ ಬಿಂದುವಿನಲ್ಲಿ ಬಂದು ಕೂರುವುದಿಲ್ಲ. ಬಿದ್ದ ಮೇಲೆ ಬಂದ ನೋವು, ಕೀಲು ಊದಿ ಬಿಸಿಯಾಗಿರುವುದು, ಜ್ವರ, ಕೈ ಪೂರ್ತಿ ನೇರವಾಗದಿರುವುದು, ಇವಿದ್ದರೆ ಅದೇ ದಿನ ವೈದ್ಯರಲ್ಲಿಗೆ. ಎಡಗೈ ನೋವಿನ ಜೊತೆ ಎದೆ ಭಾರ, ಬೆವರು, ಉಸಿರುಕಟ್ಟು ಇದ್ದರೆ ಮೊಣಕೈಯ ಮಾತೇ ಬೇಡ, ನೇರ ಆಸ್ಪತ್ರೆ.

ಇನ್ನು ಸೂಜಿಯ ವಿಚಾರ. ಗಂಟಿಗೆ ಹಾಕುವ ಸ್ಟೀರಾಯ್ಡ್ ಸೂಜಿಯಿಂದ ನೋವು ಹೋಗುವುದು ಸುಳ್ಳಲ್ಲ, ಬೇಗ ಹೋಗುತ್ತದೆ. ಅದೇ ಅಪಾಯ. ನೆದರ್ಲೆಂಡ್ಸ್‌ನಲ್ಲಿ 185 ರೋಗಿಗಳನ್ನು ಮೂರು ಗುಂಪು ಮಾಡಿ ಒಂದು ವರ್ಷ ಗಮನಿಸಿದ ಅಧ್ಯಯನ 2002ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಆರು ವಾರಕ್ಕೆ ಗುಣ ಕಂಡವರು ಸೂಜಿಯ ಗುಂಪಿನಲ್ಲಿ ನೂರಕ್ಕೆ 92, ಫಿಸಿಯೊಥೆರಪಿಯಲ್ಲಿ 47, ಏನೂ ಮಾಡದೆ ಎಚ್ಚರಿಕೆಯಿಂದ ಕಾದವರಲ್ಲಿ 32. ಒಂದು ವರ್ಷಕ್ಕೆ ಲೆಕ್ಕ ಮಗುಚಿಬಿತ್ತು: ಫಿಸಿಯೊಥೆರಪಿ 91, ಸುಮ್ಮನೆ ಕಾದವರು 83, ಸೂಜಿ 69. ಏನೂ ಮಾಡದವರಿಗಿಂತ ಸೂಜಿ ಹಾಕಿಸಿಕೊಂಡವರು ಹಿಂದೆ ಬಿದ್ದರು. 2013ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಗುಂಪಿಗೆ ಸ್ಟೀರಾಯ್ಡ್, ಇನ್ನೊಂದಕ್ಕೆ ಬರೀ ಉಪ್ಪುನೀರಿನ ಸೂಜಿ ಕೊಟ್ಟು ನೋಡಿದರು. ವರ್ಷದೊಳಗೆ ನೋವು ಮರುಕಳಿಸಿದ್ದು ಸ್ಟೀರಾಯ್ಡ್ ಪಡೆದವರಲ್ಲಿ ನೂರಕ್ಕೆ 54, ಉಪ್ಪುನೀರಿನವರಲ್ಲಿ 12. ಉರಿಯೂತವೇ ಮುಖ್ಯವಲ್ಲದ ಕಡೆ ಉರಿಯೂತ ಇಳಿಸುವ ಔಷಧಿ ನೋವಿನ ಬಾಯಿ ಮುಚ್ಚಿಸುತ್ತದೆ, ಸಡಿಲಗೊಂಡ ಹುರಿಯನ್ನು ಇನ್ನಷ್ಟು ಸಡಿಲಿಸುತ್ತದೆ. ನೋವಿಲ್ಲದ ಕೈ ಮರುದಿನವೇ ಪೂರ್ತಿ ಭಾರಕ್ಕೆ ಇಳಿಯುತ್ತದೆ. ಚರ್ಮ ಬಿಳಿಚಿಕೊಳ್ಳುವುದು, ಅಡಿಯ ಕೊಬ್ಬು ಕರಗಿ ಗುಳಿ ಬೀಳುವುದು ಉಂಟು. ಸಕ್ಕರೆ ಕಾಯಿಲೆ ಇರುವವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ. ಯಾರಾದರೂ 'ಒಂದೇ ಸೂಜಿಗೆ ಹೋಗುತ್ತೆ' ಎಂದರೆ, ವರ್ಷದ ಮೇಲೆ ಹೇಗಿರುತ್ತದೆ ಎಂದು ಕೇಳುವ ಹಕ್ಕು ರೋಗಿಗೆ ಇದೆ.

ಹಾಗಾದರೆ ಮೊದಲ ಎರಡು ವಾರ ಏನು ಮಾಡಬೇಕು? ಕೆಲಸ ಪೂರ್ತಿ ಬಿಡುವುದು ಬೇಡ, ಬಿಡಲು ಆಗುವುದೂ ಇಲ್ಲ. ನೋವು ಕೆರಳಿಸುವ ಎರಡು ಮೂರು ಕೆಲಸಗಳನ್ನು ಮಾತ್ರ ಗುರುತಿಸಿ ಅರ್ಧಕ್ಕಿಳಿಸಿ ಅಥವಾ ಇನ್ನೊಂದು ಕೈಗೆ ದಾಟಿಸಿ. ಐಸನ್ನು ಒದ್ದೆ ಟವಲಿನಲ್ಲಿ ಸುತ್ತಿ 10ರಿಂದ 15 ನಿಮಿಷ ಇಡಬಹುದು. ನೋವು ತಗ್ಗುತ್ತದೆ, ಹುರಿ ರಿಪೇರಿಯಾಗುವುದಿಲ್ಲ. ಬಿಸಿ ಶಾಖ ಹಿತವೆನಿಸಿದರೆ ಅದನ್ನೇ ಕೊಡಿ, ಜಗಳ ಬೇಡ. ಡೈಕ್ಲೊಫೆನಾಕ್ ಜೆಲ್ ಹಚ್ಚುವುದರಿಂದ ಕೆಲವು ದಿನದ ಮಟ್ಟಿಗೆ ಉಪಶಮನ ಸಿಗುತ್ತದೆ. ನೋವಿನ ಮಾತ್ರೆಯನ್ನು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಿಂಗಳುಗಟ್ಟಲೆ ನುಂಗುವುದು ಮಾತ್ರ ಬೇಡ. ಬಿ.ಪಿ., ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಒಂದೂ ನುಂಗಬಾರದು. ಬೆಳಗ್ಗೆ ಮಾತ್ರೆ ನುಂಗಿ ಬಾಕ್ಸ್ ಎತ್ತಲು ಹೋಗುವುದು ಸೂಜಿಯ ತಪ್ಪಿನ ಚಿಕ್ಕ ರೂಪ.

ಎಣ್ಣೆ ಹಚ್ಚಿ ಸ್ನಾಯುವಿನ ಹೊಟ್ಟೆಯನ್ನು, ಅಂದರೆ ಮುಂಗೈಯ ದಪ್ಪ ಭಾಗವನ್ನು, ಹಗುರವಾಗಿ ನೀವಿಸಿದರೆ ತಪ್ಪಿಲ್ಲ. ಗಂಟಿನ ಮೇಲೆ ಹೆಬ್ಬೆರಳು ಊರಿ 'ಉಳುಕು ತೆಗೆಯುವುದು' ಬೇಡ. ಅಲ್ಲಿ ತೆಗೆಯಲು ಉಳುಕೇ ಇಲ್ಲ.

ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಟೆನಿಸ್ ಎಲ್ಬೋ ಬೆಲ್ಟ್ ಕೆಲಸದ ಹೊತ್ತಿಗೆ ಒಳ್ಳೆಯದು, ಆದರೆ ಹೆಚ್ಚಿನವರು ಅದನ್ನು ತಪ್ಪು ಜಾಗಕ್ಕೆ ಕಟ್ಟುತ್ತಾರೆ. ನೋಯುವ ಗಂಟಿನ ಮೇಲೆಯೇ ಕಟ್ಟಿದರೆ ಒತ್ತಡ ಗಾಯದ ಮೇಲೆ ಬೀಳುತ್ತದೆ. ಗಂಟಿನಿಂದ ಎರಡು ಬೆರಳಗಲ ಕೆಳಗೆ, ಮುಷ್ಟಿ ಬಿಗಿದಾಗ ಉಬ್ಬುವ ಸ್ನಾಯುವಿನ ಮೇಲೆ ದಿಂಬಿನ ಭಾಗ ಕೂರಬೇಕು. ಎಳೆತ ಅಲ್ಲೇ ಸ್ವಲ್ಪ ಹಂಚಿಹೋಗಿ ಮೇಲಿನ ಹುರಿಗೆ ಕಡಿಮೆ ತಲುಪುತ್ತದೆ. ಬೆಲ್ಟಿನಡಿ ಒಂದು ಬೆರಳು ತೂರುವಷ್ಟು ಸಡಿಲ ಇರಲಿ. ಬೆರಳು ಜೋಮು ಹಿಡಿದರೆ ಬಿಚ್ಚಿ. ರಾತ್ರಿ ಕಟ್ಟಿಕೊಂಡು ಮಲಗಬೇಡಿ.

ನಿಜವಾದ ಚಿಕಿತ್ಸೆ ವ್ಯಾಯಾಮ. ಇದಕ್ಕೆ ಬೇಕಾಗುವುದು ಒಂದು ಟೇಬಲ್, ಒಂದು ಬಟ್ಟೆ ಚೀಲ, ತೂಕ ಮಾಡಿದ ರಾಗಿ.

ನೋವು ಜೋರಿರುವ ಮೊದಲ ವಾರ ಅಲುಗದ ವ್ಯಾಯಾಮ. ಕೂತು ಮುಂಗೈಯನ್ನು ಟೇಬಲ್ ಮೇಲೆ ಇಡಿ, ಮೊಣಕೈ ಮಡಚಿರಲಿ, ಅಂಗೈ ಕೆಳಮುಖ. ಇನ್ನೊಂದು ಕೈಯನ್ನು ಅದರ ಹಿಂಬದಿಯ ಮೇಲಿಟ್ಟು ಒತ್ತಿ ಹಿಡಿಯಿರಿ. ಕೆಳಗಿನ ಕೈಯನ್ನು ಮೇಲೆತ್ತಲು ಪ್ರಯತ್ನಿಸಿ, ಆದರೆ ಅಲುಗಬಾರದು. ನಿಮ್ಮ ಪೂರ್ತಿ ಶಕ್ತಿಯ ಅರ್ಧ ಸಾಕು. 30ರಿಂದ 45 ಸೆಕೆಂಡು ಹಿಡಿದು ಬಿಡಿ, ಒಂದು ನಿಮಿಷ ಬಿಡುವು, ಹೀಗೆ ಐದು ಸಲ. ದಿನಕ್ಕೆ ಎರಡು ಮೂರು ಹೊತ್ತು. ಹಲವರಿಗೆ ಇದರಿಂದಲೇ ನೋವು ಒಂದಿಷ್ಟು ಹೊತ್ತು ಇಳಿಯುತ್ತದೆ.

ಆಮೇಲೆ ರಾಗಿ ಚೀಲ. ಹೆಚ್ಚಿನವರಿಗೆ ಕಾಲು ಕೆ.ಜಿ.ಯಿಂದ ಅರ್ಧ ಕೆ.ಜಿ.ಯೊಳಗೆ ಶುರು. ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿಯುವ ಬದಲು ಬೆರಳ ಗಿಣ್ಣುಗಳ ಮೇಲೆ ನೇತುಹಾಕಿ, ಹಿಡಿತದ ಎಳೆತ ಕಡಿಮೆಯಾಗುತ್ತದೆ. ಮುಂಗೈ ಟೇಬಲ್ ಮೇಲೆ, ಮಣಿಕಟ್ಟಿನಿಂದ ಮುಂದಿನ ಭಾಗ ಅಂಚಿನಾಚೆ, ಅಂಗೈ ಕೆಳಮುಖ. ಇನ್ನೊಂದು ಕೈಯ ಸಹಾಯದಿಂದ ಮಣಿಕಟ್ಟನ್ನು ಮೇಲಕ್ಕೆ ಬಾಗಿಸಿ. ಈಗ ಸಹಾಯದ ಕೈ ತೆಗೆದು, ಒಂದು ಎರಡು ಮೂರು ನಾಲ್ಕು ಎಂದು ಎಣಿಸುತ್ತ ಕೆಳಕ್ಕೆ ಬಿಡಿ. ಏರಿಸುವುದು ಇನ್ನೊಂದು ಕೈಯ ಕೆಲಸ, ಇಳಿಸುವುದು ನೋವಿನ ಕೈಯದು. ಗುಟ್ಟೆಲ್ಲ ಆ ನಿಧಾನದ ಇಳಿತದಲ್ಲಿದೆ. ಸರಕ್ಕನೆ ಬಿಟ್ಟರೆ ವ್ಯಾಯಾಮವೇ ಅಲ್ಲ. 15 ಸಲ ಒಂದು ಸುತ್ತು, ದಿನಕ್ಕೆ ಮೂರು ಸುತ್ತು, ನಡುವೆ ಒಂದೊಂದು ನಿಮಿಷ.

ಎಷ್ಟು ನೋಯಬಹುದು ಎನ್ನುವ ಪ್ರಶ್ನೆ ಎಲ್ಲರದೂ. ಹತ್ತಕ್ಕೆ ಅಳೆದರೆ ಮೂರು ನಾಲ್ಕರವರೆಗೆ ನೋಯಲಿ, ಚಿಂತೆಯಿಲ್ಲ. ತೀರ್ಪು ಮರುದಿನ ಬೆಳಗ್ಗೆ: ಎದ್ದು ಚೊಂಬು ಎತ್ತುವಾಗ ನೋವು ನಿನ್ನೆಯಷ್ಟೇ ಇದ್ದರೆ ತೂಕ ಸರಿಯಿದೆ, ಹೆಚ್ಚಿದ್ದರೆ ನಿನ್ನೆಯ ತೂಕ ಜಾಸ್ತಿಯಾಯಿತು, ಕಾಲು ಕೆ.ಜಿ. ರಾಗಿ ತೆಗೆಯಿರಿ, ನಾಲ್ಕು ದಿನ ಮೂರೂ ಸುತ್ತು ಸಲೀಸಾಗಿ ಮುಗಿದರೆ ಕಾಲು ಕೆ.ಜಿ. ಸೇರಿಸಿ. ಏನೂ ನೋಯದಷ್ಟು ಹಗುರದಲ್ಲಿ ತಿಂಗಳು ಕಳೆದರೆ ಹುರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಮೊದಮೊದಲು ಮೊಣಕೈ ಮಡಚಿ, ಮೂರು ನಾಲ್ಕು ವಾರದ ನಂತರ ಮೊಣಕೈ ನೇರ ಮಾಡಿ ಇದನ್ನೇ ಮಾಡಬೇಕು. ನೇರ ಮಾಡಿದ ದಿನ ತೂಕ ಅರ್ಧಕ್ಕಿಳಿಸಿ, ಅದು ಬೇರೆಯೇ ಕಷ್ಟ.

ಐದನೇ ವಾರದ ಹೊತ್ತಿಗೆ ಎರಡು ಸೇರಿಸಿ. ಒಣ ಟವಲನ್ನು ಸುರುಳಿ ಸುತ್ತಿ ಎರಡೂ ಕೈಯಲ್ಲಿ ಹಿಡಿದು, ನೋವಿನ ಕೈಯ ಮಣಿಕಟ್ಟು ಹಿಂದಕ್ಕೆ ಬಾಗಿರುವಂತೆ ಇಟ್ಟುಕೊಳ್ಳಿ. ಇನ್ನೊಂದು ಕೈಯಿಂದ ತಿರುಚಿ ಬಿಗಿಮಾಡಿ, ಮೊಣಕೈಗಳನ್ನು ಮುಂದಕ್ಕೆ ಚಾಚಿ, ಆ ಬಿಗಿಯನ್ನು ನೋವಿನ ಕೈ ನಿಧಾನವಾಗಿ ಬಿಟ್ಟುಕೊಡಲಿ. 15 ಸಲ. ಇನ್ನೊಂದು, ಸುತ್ತಿಗೆ: ಮೊಣಕೈ ಮಡಚಿ ಮುಂಗೈ ತೊಡೆಯ ಮೇಲಿಟ್ಟು, ಸುತ್ತಿಗೆಯ ಹಿಡಿಯನ್ನು ಹಿಡಿದು, ಸುತ್ತಿಗೆಯ ತಲೆಯನ್ನು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ನಿಧಾನ ವಾಲಿಸಿ, 10 ಸಲ. ಭಾರವೆನಿಸಿದರೆ ಹಿಡಿತವನ್ನು ತಲೆಯ ಹತ್ತಿರ ಸರಿಸಿ. ಹಳೆ ಸೈಕಲ್ ಟ್ಯೂಬನ್ನು ಕಿಟಕಿ ಸರಳಿಗೆ ಸಿಕ್ಕಿಸಿ ಮೊಣಕೈಗಳನ್ನು ಹಿಂದಕ್ಕೆ ಎಳೆಯುವ ವ್ಯಾಯಾಮವೂ ಇರಲಿ, ಏಕೆಂದರೆ ಬೆನ್ನು ಹೆಗಲು ಸೋತ ಕೈಯಲ್ಲಿ ಮಣಿಕಟ್ಟು ಎಲ್ಲರ ಕೆಲಸ ಮಾಡುತ್ತದೆ.

ಕೆಡುವುದು ಸಾಮಾನ್ಯವಾಗಿ ಮೂರನೇ, ನಾಲ್ಕನೇ ವಾರದಲ್ಲಿ. ನೋವು ಅರ್ಧಕ್ಕಿಳಿದಿರುತ್ತದೆ, ಜನ ವ್ಯಾಯಾಮ ಬಿಟ್ಟು ಕೆಲಸ ದ್ವಿಗುಣ ಮಾಡುತ್ತಾರೆ. ನೋವು ಇಳಿಯುವುದು ಮೊದಲು, ಹುರಿ ಗಟ್ಟಿಯಾಗುವುದು ಆಮೇಲೆ. ಕನಿಷ್ಠ 12 ವಾರ. ಸಮಾಧಾನದ ಮಾತೆಂದರೆ ನೂರಕ್ಕೆ ಎಂಬತ್ತರಿಂದ ತೊಂಬತ್ತು ಮಂದಿಗೆ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆ ವಾಸಿಯಾಗುತ್ತದೆ.

ಆರು ತಿಂಗಳು ಸರಿಯಾಗಿ ಮಾಡಿಯೂ ಇಳಿಯದಿದ್ದರೆ ಮೂಳೆ ತಜ್ಞರ ಬಳಿ ಹೋಗಿ ಅಲ್ಟ್ರಾಸೌಂಡ್ ಮಾಡಿಸಿ ಹುರಿ ಹರಿದಿದೆಯೇ ನೋಡಬೇಕು. ಸ್ವಂತ ರಕ್ತದಿಂದ ತಯಾರಿಸುವ ಪಿಆರ್‌ಪಿ ಸೂಜಿಗೆ ಈಗ ಭಾರೀ ಪ್ರಚಾರ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2021ರ ಕಾಕ್ರೇನ್ ಪರಿಶೀಲನೆಯಲ್ಲಿ ಅದರಿಂದ ಗಮನಾರ್ಹ ಪ್ರಯೋಜನ ಕಾಣಲಿಲ್ಲ. ಸಾಲ ಮಾಡಿ ಹಾಕಿಸುವ ಚಿಕಿತ್ಸೆಯಂತೂ ಅದಲ್ಲ. ಶಸ್ತ್ರಚಿಕಿತ್ಸೆ ಬೇಕಾಗುವವರು ಕೆಲವೇ ಮಂದಿ. ಬೀಡಿ ಸಿಗರೇಟು ಸೇದುವವರಲ್ಲಿ ಈ ನೋವು ಹೆಚ್ಚು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ.

ತಡೆಗಟ್ಟುವ ಬಗೆಗೆ ಬಂದರೆ ಬಾಕ್ಸಿನಿಂದಲೇ ಶುರುಮಾಡೋಣ. ಮೇಲಿನ ಅಂಚನ್ನು ಅಂಗೈ ಕೆಳಮುಖ ಮಾಡಿ ಹಿಡಿದು, ಕೈ ಚಾಚಿ ಎತ್ತುವುದು ಅತಿ ಕೆಟ್ಟ ಕ್ರಮ. ಬಾಕ್ಸನ್ನು ಹೊಟ್ಟೆಯ ಹತ್ತಿರ ಎಳೆದುಕೊಂಡು, ಅಂಗೈಗಳನ್ನು ತಳಕ್ಕೆ ಕೊಟ್ಟು, ಮೊಣಕೈ ಪಕ್ಕೆಗೆ ತಾಗಿಸಿ ಎತ್ತಬೇಕು. ಟೆಂಪೊ ಮೇಲೆ ನಿಂತವರು ಕೆಳಗಿನವರಿಂದ ಬಾಕ್ಸನ್ನು ಬಗ್ಗಿ ಒಂದೇ ಕೈಯಲ್ಲಿ ಎಳೆದುಕೊಳ್ಳುವುದು ಬೇಡ. ಗಂಟೆಗೊಮ್ಮೆ ಏರಿಸುವವರು ಇಳಿಸುವವರು ಜಾಗ ಬದಲಿಸಿಕೊಂಡರೆ ಒಂದೇ ಎಳೆತ ದಿನವಿಡೀ ಬೀಳುವುದಿಲ್ಲ.

ಕುಡುಗೋಲು, ಮಚ್ಚು, ಗುದ್ದಲಿಯ ಹಿಡಿ ತೆಳ್ಳಗಿದ್ದಷ್ಟೂ ಬಿಗಿಯಾಗಿ ಹಿಡಿಯಬೇಕಾಗುತ್ತದೆ, ಬೆವರಿಗೆ ಜಾರಿದರೆ ಇನ್ನೂ ಬಿಗಿ. ಸೈಕಲ್ ಟ್ಯೂಬ್ ಸೀಳಿ ಹಿಡಿಗೆ ಸುತ್ತಿ: ಹಿಡಿದಾಗ ಬೆರಳ ತುದಿಗಳು ಅಂಗೈಗೆ ಒತ್ತದೆ ಒಂದು ಬೆರಳಷ್ಟು ಸಂದು ಉಳಿಯುವ ದಪ್ಪ ಸಾಕು. ಜಾರುವುದೂ ತಪ್ಪುತ್ತದೆ, ಅದುರೂ ಸ್ವಲ್ಪ ಇಂಗುತ್ತದೆ. ಮೊಂಡು ಕುಡುಗೋಲು ಎರಡು ಏಟು ಕೇಳುತ್ತದೆ, ಸಾಣೆ ಹಿಡಿಸಿದ್ದು ಒಂದೇ ಏಟಿಗೆ ಮುಗಿಸುತ್ತದೆ. ನಾಲ್ಕನೇ ಜ್ವರ ಏಳುವ ಮುನ್ನವೇ ಸಾಣೆ ಹಿಡಿಸಿಡಿ. ಹುಳು ಚಿಕ್ಕದಿರುವ ಮೂರು ವಾರದಲ್ಲಿ ರಾಗಿ ಚೀಲದ ವ್ಯಾಯಾಮ ದಿನ ಬಿಟ್ಟು ದಿನ ಮಾಡಿಟ್ಟುಕೊಂಡರೆ ಕೊನೆಯ ವಾರದ ಏರಿಕೆ ಕೈಗೆ ಹೊಸದಾಗಿರುವುದಿಲ್ಲ.

ಹಾಲು ಕರೆಯುವಾಗ ಹೆಬ್ಬೆರಳು ಮಡಚಿ ಗಿಣ್ಣಿನಿಂದ ಒತ್ತುವ ಬದಲು ಪೂರ್ತಿ ಮುಷ್ಟಿಯಲ್ಲಿ ಕರೆಯಿರಿ, ಕೆಚ್ಚಲಿಗೂ ಅದೇ ಒಳ್ಳೆಯದು. ಒದ್ದೆ ಬೆಡ್‌ಶೀಟನ್ನು ಇಬ್ಬರು ಹಿಂಡಿ, ಒಬ್ಬರೇ ಇದ್ದರೆ ನಲ್ಲಿಗೆ ಸುತ್ತಿ ಎರಡೂ ತುದಿ ಹಿಡಿದು ತಿರುಚಿ, ಅಥವಾ ಹಿಂಡದೆ ನೀರು ಸೋರಲು ಬಿಡಿ. ಮುದ್ದೆ ತೊಳಸುವಾಗ ಪಾತ್ರೆ ಎತ್ತರದ ಕಟ್ಟೆಯ ಮೇಲಿದ್ದರೆ ಮಣಿಕಟ್ಟು ಬಾಗುತ್ತದೆ. ನೆಲದಲ್ಲಿಟ್ಟು ಅಡ್ಡಗೋಲಿನಿಂದ ಪಾತ್ರೆ ಒತ್ತಿ ಹಿಡಿದು, ಕೋಲನ್ನು ಎರಡೂ ಕೈಯಲ್ಲಿ ಹೆಗಲಿನ ಬಲದಿಂದ ತಿರುವುವ ಹಳೆಯ ಕ್ರಮವೇ ಸರಿ.

ಆಡುವವರಿಗೂ ಒಂದು ಮಾತು. ತುಮಕೂರಿನಲ್ಲಿ ಬೆಳಗಿನ ಹೊತ್ತು ಶಟಲ್ ಆಡುವ ನಲವತ್ತು ದಾಟಿದವರು ಎಷ್ಟೋ ಜನ. ರಜೆಯೆಂದು ವಾರಕ್ಕೊಂದೇ ದಿನ ಮೂರು ಗಂಟೆ ಆಡುವ ಬದಲು ಅದನ್ನು ಮೂರು ದಿನಕ್ಕೆ ಹಂಚಿ. ರಾಕೆಟ್ ತಂತಿಯ ಬಿಗಿಯನ್ನು ಎರಡು ಮೂರು ಪೌಂಡ್ ಇಳಿಸಿ. ಟೆನಿಸ್‌ನಲ್ಲಿ ಒಂದೇ ಕೈಯ ಬ್ಯಾಕ್‌ಹ್ಯಾಂಡ್ ಹೊಡೆತವನ್ನು ಮಣಿಕಟ್ಟು ಮಡಚಿ, ತಡವಾಗಿ ಹೊಡೆಯುವುದೇ ಈ ನೋವಿನ ಹಳೆಯ ಕಾರಣ. ಎರಡು ಕೈಗೆ ಬದಲಾಯಿಸಿಕೊಂಡರೆ ಎಳೆತ ಹಂಚಿಹೋಗುತ್ತದೆ. ರಾಕೆಟ್ ಹಿಡಿಯ ಸುತ್ತಳತೆ ಉಂಗುರ ಬೆರಳ ತುದಿಯಿಂದ ಅಂಗೈ ನಡುಗೆರೆಯವರೆಗಿನ ಉದ್ದಕ್ಕೆ ಸಮವಿರಲಿ.

ಸಂಬಂಧಪಟ್ಟವರಲ್ಲಿ ಎರಡು ಬೇಡಿಕೆ. ಎಪಿಎಂಸಿ ಯಾರ್ಡ್‌ಗಳಲ್ಲಿ ಟೆಂಪೊ ನಿಲ್ಲುವ ಜಾಗದಿಂದ ಹರಾಜಿನ ಕಟ್ಟೆಯವರೆಗೆ ಬಾಕ್ಸ್ ತಳ್ಳುವ ಗಾಡಿಗಳು ಸಾಕಷ್ಟಿರಲಿ, ಕಟ್ಟೆಯ ಎತ್ತರ ವಾಹನದ ಹಲಗೆಗೆ ಸಮ ಇರಲಿ. ಎತ್ತುವ ಬದಲು ಜಾರಿಸಿದರೆ ಅರ್ಧ ಕೆಲಸ ಮುಗಿಯಿತು. ಎರಡನೆಯದು, ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ದಿನವಾದರೂ ಸಂಜೆ ಹೊತ್ತು ಫಿಸಿಯೊಥೆರಪಿ ಸಿಗಲಿ. ಹಗಲಿನ ಕೂಲಿ ಬಿಟ್ಟು ಬಂದು ಸಾಲಿನಲ್ಲಿ ನಿಲ್ಲಲು ಆಗದವರೇ ಸೂಜಿಯ ದಾರಿ ಹಿಡಿಯುತ್ತಾರೆ. ಈ ವ್ಯಾಯಾಮಕ್ಕೆ ಯಂತ್ರ ಬೇಡ. ಮೊದಲ ದಿನ ಇಪ್ಪತ್ತು ನಿಮಿಷ ಕೂರಿಸಿಕೊಂಡು ಸರಿಯಾಗಿ ಮಾಡಿ ತೋರಿಸಿ, ಮೂರು ವಾರಕ್ಕೊಮ್ಮೆ ತೂಕ ಸರಿಪಡಿಸುವ ಒಬ್ಬರು ಇದ್ದರೆ ಸಾಕು. ಟೊಮೆಟೊ ದರದ ಪಟ್ಟಿ ಹಾಕುವ ಪುಟದಲ್ಲೇ ಒಂದು ದಿನ ಬಾಕ್ಸ್ ಎತ್ತುವ ಸರಿಯಾದ ಕ್ರಮದ ಚಿತ್ರವನ್ನೂ ಪ್ರಕಟಿಸಿದರೆ ಉಪಕಾರವಾಗುತ್ತದೆ. ಚಿತ್ರದಲ್ಲಿ ಅಂಗೈ ತಳದಲ್ಲಿರಲಿ, ಮೊಣಕೈ ಪಕ್ಕೆಗೆ ತಾಗಿರಲಿ.

ಇಂತಿ,
ಇಬ್ಬರು ಫಿಸಿಯೊಥೆರಪಿಸ್ಟ್‌ಗಳು
ಕೋಲಾರ